ನಾನು ನೋಡದೆ ಸಹಿ ಹಾಕಿದ ಡ್ರಾಯಿಂಗ್

ಪ್ರತಿ ಜುಲೈಯಲ್ಲೂ ನಮ್ಮ ಆಫೀಸಿನಲ್ಲಿ ವರ್ಷದ ಗುರಿಗಳ ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ‘ತಂಡವನ್ನು ಮುನ್ನಡೆಸುವುದು’ ಎಂಬ ಕಾಲಂ ಎದುರು ನನಗೆ ಯಾವಾಗಲೂ ಒಳ್ಳೆಯ ಅಂಕವೇ ಬೀಳುತ್ತಿತ್ತು. ಕಳೆದ ವರ್ಷ ಬೀಳಲಿಲ್ಲ. ಅದಕ್ಕೆ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಬೇಜಾರಿರುವುದು ಬೇರೆಯದಕ್ಕೆ.

ನಾನು ಧಾರವಾಡದವಳು. ಹೊಸ ಬಡಾವಣೆಗಳಿಗೆ ಒಳಚರಂಡಿ ಪೈಪುಗಳ ನಕ್ಷೆ ಮಾಡುವ ಆರು ಜನರ ಟೀಮಿಗೆ ಸಿಡ್ನಿಯಲ್ಲಿ ಲೀಡ್. ಯಾರೇ ಡ್ರಾಯಿಂಗ್ ಮಾಡಲಿ, ಅದನ್ನು ನಾನು ಮೂಲೆಮೂಲೆಯೂ ಬಿಡದೆ ನೋಡಿ, ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿ, ತಿದ್ದಿ ತಂದ ಮೇಲಷ್ಟೇ ಸಹಿ ಮಾಡಬೇಕು. ನನ್ನ ಕೆಂಪು ಪೆನ್ನಿಗೆ ಹೆದರದವರಿಲ್ಲ ಎಂದು ನಾನೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆಗ ಬಂದವರು ಸರ್. ಮೈಸೂರಿನಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದು, ಇಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕ ಮೇಲೆ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿರುವ ಮಗಳ ಮನೆಗೆ ಬಂದವರು. ಅರವತ್ತರ ಹತ್ತಿರದ ವಯಸ್ಸಿನಲ್ಲಿ ನನ್ನ ಕೈಕೆಳಗೆ ನಕ್ಷೆ ಬರೆಯುವ ಡ್ರಾಫ್ಟರ್ ಆಗಿ ಸೇರಿದರು, ಆರು ತಿಂಗಳ ಪ್ರೊಬೇಷನ್ ಮೇಲೆ. ದೊಡ್ಡ ಬಾಸನ್ನೂ ಹೆಸರು ಹಿಡಿದು ಕರೆಯುವ ನಾನು ಅವರೊಬ್ಬರನ್ನು ಸರ್ ಎಂದೆ. ಅವರು ನನ್ನನ್ನು ಮೇಡಂ ಎಂದರು.

ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಏಳುತ್ತಿದ್ದ ಬಡಾವಣೆಯ ಡ್ರಾಯಿಂಗ್ ಮುಗಿಸಿ ಅವರು ನನ್ನ ಮೇಜಿಗೆ ತಂದರು.

“ಒಂದ್ಸಲ ಚೆಕ್ ಮಾಡ್ಬಿಡಿ ಮೇಡಂ.”

“ನೀವು ಮಾಡಿದ ಮ್ಯಾಲೆ ನಾ ಏನ್ ಚೆಕ್ ಮಾಡೋದ್ರಿ ಸರ್,” ಎಂದೆ.

ಮಧ್ಯಾಹ್ನ ಮತ್ತೆ ಬಂದು ಕೇಳಿದರು. ನಾನು ನಕ್ಕು, ಸಹಿ ಹಾಕಿ ಕಳಿಸಿಬಿಟ್ಟೆ. ಅಪ್ಪನ ವಯಸ್ಸಿನವರ ಕೆಲಸದ ಮೇಲೆ ಕೆಂಪು ಗೆರೆ ಎಳೆಯಲು ನನಗೆ ಕೈ ಬರಲಿಲ್ಲ.

ಒಂದು ಪೈಪಿನ ಆಳ ಅರ್ಧ ಮೀಟರ್ ತಪ್ಪಿತ್ತು. ಅಲ್ಲಿ ಒಂದು ಇಡೀ ಬೀದಿಯನ್ನು ಅಗೆದ ಮೇಲೆ ಗೊತ್ತಾಯಿತು.

ಮ್ಯಾನೇಜರ್ ನನ್ನನ್ನು ಕರೆದು ಬಾಗಿಲು ಹಾಕಿದ. ಈ ತಪ್ಪಿನ ರಿಪೋರ್ಟಿನಲ್ಲಿ ಡ್ರಾಫ್ಟರ್ ಹೆಸರು ಬರೆದುಬಿಡು, ಪ್ರೊಬೇಷನ್ ಮುಗಿಯಲು ಇನ್ನೂ ಮೂರು ವಾರವಿದೆ, ಕೆಲಸದಿಂದ ತೆಗೆಯುವುದು ಸುಲಭ, ನಿನ್ನ ಫಾರ್ಮಿಗೂ ಒಳ್ಳೆಯದು ಎಂದ. ನಾನು ಕಾರಣದ ಜಾಗದಲ್ಲಿ ನನ್ನ ಹೆಸರು ಬರೆದು ಕೊಟ್ಟೆ. ಅವನು ವಾಪಸ್ ಕಳಿಸಿದ. ಒಂದಕ್ಷರ ಬದಲಿಸದೆ ಮತ್ತೆ ಕಳಿಸಿದೆ. ಹೀಗೆ ಮೂರು ಸಲ ನಡೆಯಿತು. ಕೊನೆಗೆ ಅವನೇ ಸುಸ್ತಾಗಿ, ಹಾಗಾದರೆ ಮೆಲ್ಬರ್ನಿಗೆ ನೀನೇ ಹೋಗಿ ಉತ್ತರ ಕೊಡು ಎಂದ.

ಹೋದೆ. ಅಗೆದ ಬೀದಿಯ ಕೆಸರಿನಲ್ಲಿ ನಿಂತು ಕಾಂಟ್ರಾಕ್ಟರ್ ಕಡೆಯ ನಾಲ್ವರು ಒಂದೇ ಪ್ರಶ್ನೆ ಕೇಳಿದರು: ಇದನ್ನು ಮಾಡಿದವರು ಯಾರು? ಕೆಳಗಿನ ಸಹಿ ನೋಡಿ, ಅದು ನನ್ನದು ಎಂದೆ. ಇನ್ನೆಷ್ಟು ಸಲ ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ. ಗೆದ್ದಾಗ ಎಲ್ಲರೂ ಸೇರಿ ಫೋಟೋ, ಸೋತಾಗ ಒಬ್ಬರ ತಲೆದಂಡ ಎನ್ನುವವರಿಂದ ನಾನು ಲೀಡರ್‌ಶಿಪ್ ಕಲಿಯಬೇಕಾಗಿಲ್ಲ.

ಸಿಡ್ನಿಗೆ ಮರಳುವಾಗ ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಸರ್ ನನಗೆ ಕೈಮುಗಿಯಬಹುದು, ನಾನು ‘ಛೇ ಛೇ’ ಎನ್ನಬಹುದು ಎಂದೆಲ್ಲ ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದೆ. ಆದರೆ ಅವರು ಮುಖ ಗಂಟಿಕ್ಕಿಕೊಂಡಿದ್ದರು.

“ಕೆಲಸ ಉಳಿಸಿದ್ರಿ, ಥ್ಯಾಂಕ್ಸ್. ಆದ್ರೆ ಎಲ್ರ ಡ್ರಾಯಿಂಗೂ ಚೆಕ್ ಮಾಡ್ತೀರಿ, ನಂದೊಂದು ಬಿಟ್ಟು. ಎರಡು ಸಲ ಕೇಳ್ದೆ ನಾನು. ನಾನೇನು ನಿಮ್ಮ ಟೀಮಲ್ಲಿದೀನೋ, ನಿಮ್ಮನೆಗೆ ಬಂದಿರೋ ನೆಂಟನೋ?”

ಮ್ಯಾನೇಜರಿಗೂ ಕಾಂಟ್ರಾಕ್ಟರಿಗೂ ಜಗ್ಗದವಳು ಅಲ್ಲಿ ತಲೆ ತಗ್ಗಿಸಿದೆ. ಗೌರವ ಕೊಡುತ್ತಿದ್ದೇನೆ ಎಂದುಕೊಂಡು ಆರು ಜನರಲ್ಲಿ ಅವರೊಬ್ಬರನ್ನು ಹೊರಗೆ ಕೂರಿಸಿದ್ದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಸೋಮವಾರ ಅವರ ಹೊಸ ಡ್ರಾಯಿಂಗನ್ನು ಮೇಜಿನ ಮೇಲೆ ಹರಡಿ, ಅವರನ್ನು ಎದುರಿಗೆ ಕೂರಿಸಿಕೊಂಡು ಕೆಂಪು ಪೆನ್ನು ತೆಗೆದೆ. ಮೊದಲ ತಪ್ಪಿಗೆ ಸುತ್ತು ಹಾಕುವ ಮುನ್ನ ಅವರ ಮುಖ ನೋಡಿದೆ. ಎರಡನೆಯದಕ್ಕೆ ನೋಡಲಿಲ್ಲ. ಎರಡನ್ನೂ ಅವರು ತಿದ್ದಿ ತಂದ ಮೇಲೆ, ಮುಗಿಯಿತೆಂದು ಸಹಿ ಹಾಕಲು ಹೋದೆ. ಅವರು ಸಹಿಯ ಜಾಗದ ಮೇಲೆ ಅಂಗೈ ಇಟ್ಟರು.

“ಇನ್ನೂ ಒಂದಿದೆ ಮೇಡಂ. ಬೇಕಂತ್ಲೇ ಇಟ್ಟಿದೀನಿ. ಹುಡುಕಿ.”

ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ಸಿಗುವವರೆಗೂ ಅವರು ಕೈ ತೆಗೆಯಲಿಲ್ಲ.