ಬಾಗಿಲ ಕೊಂಡಿಯ ಡಿಕ್ರೂಜ್

“ಎರಡು ಡಿಕ್ರೂಜ್ ಕೊಡಿ” ಎಂದು ಶಿವಾಜಿನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ್ದೇ ತಡ, ಪಕ್ಕದಲ್ಲಿದ್ದ ಫ್ರಾಕು ತೊಟ್ಟ ವೃದ್ಧೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವ ಕೊಂಡಿಗೆ ನಮ್ಮ ಹಲಸೂರಿನಲ್ಲಿ ಎಲ್ಲರೂ ಹೇಳುತ್ತಿದ್ದುದು ಅದೇ ಹೆಸರು. ಯಾವುದೋ ಇಂಗ್ಲಿಷ್ ಪದವೆಂದುಕೊಂಡಿದ್ದೆ.

“ಅದು ನಮ್ ಡ್ಯಾಡಿ ಸರ್‌ನೇಮ್ ರೀ! ಶಿಲುಬೆಯವ್ರು ಅಂತ ಅರ್ಥ. ಚಿಕ್ಕೋಳಿದ್ದಾಗ ನನ್ ಬೆರಳು ಬಾಗಿಲಿಗೆ ಸಿಕ್ಬಿಡ್ತು. ಆಮೇಲೆ ಡ್ಯಾಡೀನೇ ಕೂತು ಇದನ್ನ ಕಂಡುಹಿಡಿದ್ರು!” ಎಂದು ಆಕೆ ಸೊಟ್ಟಗಾದ ಕಿರುಬೆರಳು ತೋರಿಸಿದರು. ಅಂಗಡಿಯವರು ಕೊಂಡಿಗಳ ಡಬ್ಬಿಯನ್ನೇ ಅವರ ಮುಂದೆ ಸುರಿದು, “ಇದಕ್ಕೆ ಬೇರೆ ಹೆಸರೇ ನಮಗ್ ಗೊತ್ತಿಲ್ಲಮ್ಮಾ” ಎಂದರು. ಆಕೆ ನಗುತ್ತಲೇ ಅತ್ತುಬಿಟ್ಟರು.

ಎಪ್ಪತ್ತರ ದಶಕದ ಆ ಮಧ್ಯಾಹ್ನ ಮನೆಗೆ ಓಡಿ ಬಂದು ಎಲ್ಲರಿಗೂ ಹೇಳಿದೆ. ಅಂದಿನಿಂದ ಗಾಳಿ ಬೀಸಿದರೆ ನಮ್ಮಲ್ಲಿ ಎಲ್ಲರೂ ಕೂಗುವುದು, “ಡಿಕ್ರೂಜ್ ಅವ್ರನ್ನ ಹಾಕು!”