ಕಾಲುಚೀಲ ತೊಟ್ಟ ಬಾಟಲಿಗಳು

ಹದಿನೆಂಟು ವರ್ಷ ಮಲಾಡಿನ ಹೋಟೆಲೊಂದರ ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ, ನಾನು ವೈನ್ ಕ್ಯಾಪ್ಟನ್ ಆಗಿದ್ದೆ. ಅಷ್ಟೂ ವರ್ಷ ಒಂದು ಕೆಂಪು ವೈನಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಬೇಕಾದದ್ದು ಇದಕ್ಕಿಂತ ಕಷ್ಟದ್ದು.

ವೈನ್ ಕ್ಯಾಪ್ಟನ್ನನ ಕೆಲಸಕ್ಕೆ ನಾಲಗೆ ಬೇಕೆಂದು ನೀವು ತಿಳಿದಿದ್ದರೆ ಅದು ತಪ್ಪು. ಬೇಕಾದದ್ದು ಹುಬ್ಬು. ಗಿರಾಕಿ ಯಾವ ಬಾಟಲಿಗೆ ಬೆರಳು ತೋರಿಸಿದರೂ ಹುಬ್ಬನ್ನು ಸ್ವಲ್ಪ ಮೇಲಕ್ಕೆತ್ತಿ, ಇಷ್ಟು ಹೊತ್ತು ಇಂಥ ರಸಿಕನಿಗಾಗಿಯೇ ಕಾದಿದ್ದೆ ಎಂಬಂತೆ ತಲೆದೂಗಬೇಕು. ಉಳಿದದ್ದನ್ನು ಲೇಬಲ್ ನೋಡಿ ಓದಬಹುದು. ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವನಿಗೆ ಲೇಬಲ್ ಓದುವಷ್ಟು ಇಂಗ್ಲಿಷ್ ಬರುತ್ತಿತ್ತು.

ನಿಜವಾದ ಮೂಗು ಇದ್ದದ್ದು ನನ್ನ ಗೆಳೆಯ ಜಗ್ಗುವಿಗೆ. ನಾವಿಬ್ಬರೂ ಉಡುಪಿಯ ಕಡೆಯವರು, ಒಂದೇ ಹೋಟೆಲಿನಲ್ಲಿ ಸಪ್ಲೈಗೆ ನಿಂತವರು. ಅಡುಗೆಯವರು ಮೊಸರು, ಎಣ್ಣೆ, ಮೀನು ಎಲ್ಲವನ್ನೂ ಮೊದಲು ಅವನ ಮೂಗಿಗೆ ಹಿಡಿಯುತ್ತಿದ್ದರು. ನಮ್ಮ ಭಾಷೆಯಲ್ಲಿ ವಾಸನೆಗೆ ಎಷ್ಟು ಮಾತುಗಳಿವೆ ನೋಡಿ: ಘಮ, ಕಮಟು, ಹಳಸು, ಮುಗ್ಗಲು, ಸೀದದ್ದು. ಇವೆಲ್ಲ ಜಗ್ಗುವಿಗೆ ಬೇರೆ ಬೇರೆ ಬಣ್ಣಗಳ ಹಾಗೆ ಕಾಣುತ್ತಿದ್ದವು. ನಾಸಿಕದ ವೈನುಗಳು ನಮ್ಮಲ್ಲಿಗೆ ಬರತೊಡಗಿದಾಗ ಅವನು ಶಿರಾಜ್ ಮೂಸಿ, "ಕಾಳುಮೆಣಸಿನ ಗೋಣಿ ಬಿಚ್ಚಿದ ಹಾಗೆ ಉಂಟು" ಎಂದ. ಕ್ಯಾಬರ್ನೆ ಮೂಸಿ, "ಪೆನ್ಸಿಲ್ ಕೆತ್ತಿದ ಹಾಗೆ" ಎಂದ. ನಾನು ನಕ್ಕಿದ್ದೆ.

ಆಗಲೇ ಹೋಟೆಲಿನ ಧಣಿಗೆ ಒಬ್ಬ ವೈನ್ ಕ್ಯಾಪ್ಟನ್ ಬೇಕೆನಿಸಿತು. ನಮ್ಮಿಬ್ಬರಿಗೆ ಪರೀಕ್ಷೆ ಇಟ್ಟರು. ಮೂರು ಗ್ಲಾಸು, ಪ್ರತಿಯೊಂದರ ತಟ್ಟೆಯ ಕೆಳಗೆ ಹೆಸರು ಬರೆದು ಮಡಚಿದ ಚೀಟಿ. ನಾವು ಉತ್ತರವನ್ನು ಆರ್ಡರ್ ಪ್ಯಾಡಿನಲ್ಲಿ ಬರೆದುಕೊಡಬೇಕು. ಧಣಿ ಫೋನಿಗೆಂದು ಹೊರಗೆ ಹೋದರು. ಜಗ್ಗು ಕೈ ತೊಳೆಯಲು ಹೋಗಿದ್ದ. ಮೂಸುವ ಮೊದಲು ಕೈ ತೊಳೆಯುವುದು ಅವನ ಕ್ರಮ. ನಾನು ಒಳಗೆ ಹೋಗಿ ಚೀಟಿಗಳನ್ನು ಓದಿದೆ. ಓದಿ ಸುಮ್ಮನಿದ್ದರೆ ಇಬ್ಬರ ಉತ್ತರವೂ ಸರಿಯಾಗುತ್ತದೆ ಎಂದು ಹೊಳೆಯಿತು. ಮೊದಲ ಎರಡು ಚೀಟಿಗಳನ್ನು ಅದಲು ಬದಲು ಮಾಡಿದೆ.

ನಾನು ಬದಲಾದ ಚೀಟಿಗಳಂತೆ ಬರೆದೆ. ಜಗ್ಗು ಸರಿಯಾಗಿಯೇ ಬರೆದ. ಚೀಟಿ ಬಿಚ್ಚಿದಾಗ ಅದು ತಪ್ಪಾಗಿತ್ತು. ಧಣಿಗೂ ರುಚಿ ಗೊತ್ತಿರಲಿಲ್ಲ. ಅವರು ಚೀಟಿಯನ್ನು ನಂಬಿದರು. ಜಗ್ಗು "ಓ" ಎಂದ, ಅಷ್ಟೆ.

ಹುದ್ದೆ ಅವನ ಕೈತಪ್ಪಿ ನನಗೆ ಸಿಕ್ಕಿದ್ದು ದೊಡ್ಡದಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಆದರೆ ಅಂದಿನಿಂದ ಅಡುಗೆಯವರು ಮೀನು ಹಿಡಿದು ಬಂದರೆ ಜಗ್ಗು, "ನಂಗೆ ಗೊತ್ತಾಗುದಿಲ್ಲ, ನಾಣುವನ್ನು ಕೇಳಿ" ಎಂದು ನನ್ನನ್ನು ತೋರಿಸತೊಡಗಿದ. ಸ್ವಂತ ಮೂಗನ್ನೇ ನಂಬದ ಮನುಷ್ಯನಾದ. ಈಗ ಇಬ್ಬರೂ ನಿವೃತ್ತರು, ದಹಿಸರಿನಲ್ಲಿ ಪಕ್ಕಪಕ್ಕದ ಬಿಲ್ಡಿಂಗಿನವರು. ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಹಾಲಿನ ಪಾತ್ರೆ ನನ್ನ ಮುಂದೆ ಹಿಡಿದು, "ಇದು ಹಾಳಾಗಿದೆಯಾ ನೋಡು ಮಾರಾಯ" ಎಂದ. ಆ ಹಾಲಿನ ಹುಳಿ ಬಾಗಿಲಿನಲ್ಲೇ ನನಗೆ ಹೊಡೆದಿತ್ತು. ಇನ್ನು ತಡಮಾಡಬಾರದು ಎಂದು ಆ ಕ್ಷಣ ನಿಶ್ಚಯಿಸಿದೆ.

ಬರಿದೇ ತಪ್ಪೊಪ್ಪಿಕೊಂಡರೆ ಸಾಲದು, ನಾಲ್ಕು ಜನರ ಎದುರು ಅವನ ಮೂಗು ಗೆಲ್ಲಬೇಕು ಎಂಬುದು ನನ್ನ ಯೋಜನೆ. ಬಾಟಲಿಯ ಹೆಸರು ಮುಚ್ಚಿ ರುಚಿ ಹೇಳುವ ಆಟ ಈಗ ದೊಡ್ಡ ಮನೆಗಳಲ್ಲಿ ನಡೆಯುತ್ತದಂತೆ. ಕಣ್ಣು ಕಟ್ಟಿ ಆಡುವ ಆಟ ಎಂದು ಹೆಂಡತಿ ಶಾರದೆಗೆ ವಿವರಿಸಿದೆ. ಹೇಳುವಾಗಲೇ ನಾಲಗೆ ತಡವರಿಸಿತು. ಕಣ್ಣು ಕಟ್ಟಿದರೆ ಆಟ. ಅದನ್ನೇ ಕೂಡಿಸಿ ಕಣ್ಕಟ್ಟು ಎಂದರೆ ಮೋಸ. ನಾನು ಎರಡನೆಯದರಲ್ಲಿ ಪಳಗಿದವನು. ಆದ್ದರಿಂದ ಚೀಟಿ, ಬಾಟಲಿ ಯಾವುದನ್ನೂ ನಾನು ಮುಟ್ಟುವುದಿಲ್ಲ, ಎಲ್ಲ ನೀನೇ ನೋಡಿಕೊ ಎಂದೆ.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅವಳು ಬಾಟಲಿಗಳಿಗೆ ಮೊಮ್ಮಗಳ ಶಾಲೆಯ ಕಾಲುಚೀಲ ತೊಡಿಸಿದಳು. ಬಣ್ಣ ಕಾಣದಿರಲೆಂದು ಸ್ಟೀಲ್ ಲೋಟ. ಜಗ್ಗು ಬಂದ. ಕೆಳಗಿನ ಮನೆಯ ಶಿವಪ್ಪನೂ ಬಂದ. ಗಾರೆ ಕೆಲಸದ ಮೇಸ್ತ್ರಿಯಾಗಿದ್ದ ಬಿಜಾಪುರದವನು. ಅವನಿಗೆ ಕರಾವಳಿಯವರೆಲ್ಲ ಶೆಟ್ಟರೇ. ತನ್ನೂರಿನ ದ್ರಾಕ್ಷಿಯಿಂದ ಮಾಡಿದ ಒಂದು ಬಾಟಲಿಯನ್ನು ಮೊದಲೇ ಶಾರದೆಯ ಕೈಗೆ ಕೊಟ್ಟಿದ್ದ.

"ಏನ್ರಿ ಶೆಟ್ರ, ಬಾಟ್ಲಿಗೆ ಥಂಡಿ ಹತ್ತೇತೇನ್ರಿ?" ಎಂದ ಶಿವಪ್ಪ.

"ಒಗೆದ ಸಾಕ್ಸೇ. ಹೆದರ್ಬೇಡಿ" ಎಂದಳು ಶಾರದೆ.

ನಾಲ್ಕು ಬಾಟಲಿ, ನಾಲ್ಕು ಸುತ್ತು ಲೋಟ. ಶಿವಪ್ಪ ಎಲ್ಲವನ್ನೂ "ಭಾರಿ ಐತ್ರಿ" ಎಂದು ಮೆಚ್ಚಿದ. ಜಗ್ಗು ಒಂದೊಂದನ್ನೂ ಮೂಗಿನ ತನಕ ಎತ್ತಿ, ನನ್ನ ಮುಖ ನೋಡಿ, ಕೆಳಗಿಟ್ಟ.

"ಹೇಳು ಜಗ್ಗು."

"ನಂಗೆಂತ ಗೊತ್ತುಂಟು ಮಾರಾಯ? ಕ್ಯಾಪ್ಟನ್ ನೀನು. ನೀನು ಹೇಳು."

ಎಷ್ಟು ಒತ್ತಾಯಿಸಿದರೂ ಬಾಯಿ ಬಿಡಲಿಲ್ಲ. ಅವನನ್ನು ಹುರಿದುಂಬಿಸಲೆಂದು ನಾನು ನಾಲ್ಕನೆಯ ಲೋಟ ಎತ್ತಿ, ಪ್ರಾಮಾಣಿಕವಾಗಿಯೇ ಗುಟುಕರಿಸಿ, "ಇದು ಮರದ ಪೀಪಾಯಿಯಲ್ಲಿ ಬಹುಕಾಲ ಮಲಗಿದ್ದು" ಎಂದೆ. ಶಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಗ್ಗು ಮಾತ್ರ, "ಹಾಗಾದ್ರೆ ಹಾಗೇ ಇರ್ಬೇಕು" ಎಂದ.

ಆ ಮಾತು ನನ್ನ ಯೋಜನೆಯನ್ನು ಮುರಿಯಿತು. ಮೊದಲು ಅವನು ಗೆಲ್ಲಲಿ, ನಗುವಿನ ನಡುವೆ ನನ್ನ ತಪ್ಪನ್ನು ಸಣ್ಣದಾಗಿ ಸೇರಿಸಿಬಿಡೋಣ ಎಂದುಕೊಂಡಿದ್ದೆ. ಅದೂ ಒಂದು ಬಗೆಯ ಕಣ್ಕಟ್ಟೇ ಆಗಿತ್ತು. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ: ಫೋನು, ಚೀಟಿ, ಅದಲು ಬದಲು. ಹೇಳುವಾಗ ನೆಲ ನೋಡಬಾರದೆಂದು ಹಟ ಹಿಡಿದಿದ್ದೆ; ನೋಡಲಿಲ್ಲ.

ಜಗ್ಗು ನನ್ನ ಕಡೆ ತಿರುಗಿದ.

"ಮೊದಲ್ನೇದು ಶಿರಾಜ್ ಅಂತ ಬರ್ದಿದ್ದೆ ನಾನು."

"ಸರಿಯಾಗಿತ್ತು."

"ಎರಡ್ನೇದು?"

"ಅದೂ ಸರಿಯಾಗಿತ್ತು."

ಅವನು ಎದ್ದ. ಚಪ್ಪಲಿಯ ಕಡೆಗೆ ಹೋಗುತ್ತಾನೆ ಎಂದುಕೊಂಡೆ. ಹೋದದ್ದು ಬಚ್ಚಲಿಗೆ. ನಲ್ಲಿ ತಿರುಗಿಸಿದ ಸದ್ದು ಕೇಳಿತು. ಕೈ ತೊಳೆದು, ಒರೆಸಿಕೊಂಡು ಬಂದು ಕೂತು, ನಾಲ್ಕೂ ಲೋಟಗಳನ್ನು ತನ್ನ ಕಡೆಗೆ ಎಳೆದುಕೊಂಡ.

"ಮೆಣಸಿನ ಗೋಣಿ. ಶಿರಾಜ್. ಇದು ಪೆನ್ಸಿಲು, ಕ್ಯಾಬರ್ನೆ." ಮೂರನೆಯದಕ್ಕೆ ಹೊತ್ತು ಹಿಡಿಯಿತು. "ಇದೂ ಶಿರಾಜೇ, ಬೇರೆಯವರದ್ದು. ನಾಸಿಕದ್ದೇ." ನಾಲ್ಕನೆಯದನ್ನು ಕುಡಿಯಲೂ ಇಲ್ಲ. ಒಮ್ಮೆ ಮೂಸಿ ಶಾರದೆಯ ಕಡೆ ತಿರುಗಿದ. "ಶಾರದಕ್ಕ, ಪುನರ್ಪುಳಿ ಶರಬತ್ತಿಗೆ ಜೀರಿಗೆ ಹುರಿದು ಹಾಕಿದ್ರಾ?"

ಶಾರದೆ ತಡೆಹಿಡಿದಿದ್ದ ನಗು ಹೊರಬಿತ್ತು. ಪೀಪಾಯಿಯಲ್ಲಿ ಬಹುಕಾಲ ಮಲಗಿದ್ದು, ಅವಳು ಬೆಳಿಗ್ಗೆ ಕಲಸಿದ ಕೋಕಂ ಶರಬತ್ತು!

"ಇನ್ನು ಕಾಲುಚೀಲ ತೆಗೆಯುವುದು ಬೇಡ. ನೀನು ಹೇಳಿದ್ದೇ ಸರಿ" ಎಂದೆ ನಾನು.

"ತೆಗಿ" ಎಂದ ಜಗ್ಗು. ದನಿ ಗಟ್ಟಿಯಾಗಿತ್ತು. "ಈ ಸಲ ಎಲ್ಲರೂ ನೋಡ್ಲಿ."

ಶಾರದೆ ಒಂದೊಂದಾಗಿ ತೆಗೆದಳು. ಶಿರಾಜ್. ಕ್ಯಾಬರ್ನೆ. ಮೂರನೆಯದು ಶಿರಾಜ್ ನಿಜ, ಆದರೆ ಶಿವಪ್ಪನ ಬಾಟಲಿ.

"ಸೋತ್ರಿ ಶೆಟ್ರ! ಅದು ನಾಸಿಕ ಅಲ್ರೀ, ನಮ್ಮ ಬಿಜಾಪುರದ್ದು!" ಶಿವಪ್ಪ ತೊಡೆ ತಟ್ಟಿದ.

ಜಗ್ಗು ಬಾಟಲಿಯನ್ನು ಎತ್ತಿ ನೋಡಿದ, ಇನ್ನೊಮ್ಮೆ ಮೂಸಿದ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಇದು ನಂದೇ ತಪ್ಪು ಮಾರಾಯ" ಎಂದ. "ನಂದೇ ಸ್ವಂತ ತಪ್ಪು!" ತಪ್ಪನ್ನು ಇಷ್ಟು ಹೆಮ್ಮೆಯಿಂದ ಎತ್ತಿಕೊಂಡವರನ್ನು ನಾನು ಕಂಡಿರಲಿಲ್ಲ. ಅಷ್ಟು ವರ್ಷ ಅವನು ಹೊತ್ತಿದ್ದದ್ದು ನನ್ನದನ್ನು.

ಕ್ಷಮಿಸಿದೆಯಾ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊರಡುವಾಗ ಚಪ್ಪಲಿಗೆ ಕಾಲು ತೂರಿಸಿದವನು ನಿಂತು, ಅಡುಗೆಮನೆಯ ಕಡೆ ಮೂಗೆತ್ತಿ, "ಶಾರದಕ್ಕ, ಆ ಬಂಗುಡೆ ನಿನ್ನೆದ್ದು" ಎಂದು ಹೇಳಿ ಮೆಟ್ಟಿಲಿಳಿದ.

ಶಾರದೆ ನನ್ನ ಕಡೆ ತಿರುಗಿದಳು. ಈಗಷ್ಟೇ ದಡಕ್ಕೆ ಬಂದ ಮೀನು ಎಂದು ಬೆಳಿಗ್ಗೆ ಅದನ್ನು ತಂದವನು ನಾನು. ದೇವರಾಣೆಗೂ ಅದರಲ್ಲಿ ನನ್ನ ಮೋಸವಿರಲಿಲ್ಲ. ಮೀನಿನವಳು ಹೇಳಿದ್ದನ್ನು ನಂಬಿದ್ದೆ. ಆದರೂ ವಾದಿಸಲಿಲ್ಲ. ಜಗ್ಗು ಮೂಸಿ ಹೇಳಿದ ಮೇಲೆ ಅದು ನಿನ್ನೆಯದೇ.