ಮಂಚದ ಹಿಂದಿನ ಗೋಡೆ

ನಮ್ಮ ಪೇಂಟಿಂಗ್ ಮೇಸ್ತ್ರಿಯ ಎಡಗೆನ್ನೆಗೆ ಯಾವಾಗಲೂ ಸುಣ್ಣದ ಪುಡಿ ಅಂಟಿರುತ್ತಿತ್ತು. ಬಣ್ಣ ಹೊಡೆಯುವ ಮುಂಚೆ ಪ್ರತಿ ಗೋಡೆಗೂ ಕೆನ್ನೆ ಒತ್ತಿ ನಿಲ್ಲುತ್ತಿದ್ದರು. "ಕೈಯೆಲ್ಲ ಜಡ್ಡುಗಟ್ಟಿದೆ ಮೇಡಂ, ತೇವ ಗೊತ್ತಾಗಲ್ಲ. ಕೆನ್ನೆಗೆ ಗೊತ್ತಾಗುತ್ತೆ."

ಮಾರಾಟಕ್ಕಿಟ್ಟ ಮನೆಗಳನ್ನು, ನೋಡಲು ಬರುವವರ ಕಣ್ಣಿಗೆ ಚೆಂದ ಕಾಣುವಂತೆ ಸಜ್ಜುಗೊಳಿಸುವುದು ನನ್ನ ಉದ್ಯೋಗ. ಬಾಡಿಗೆ ಸೋಫಾ, ಕುಂಡದ ಗಿಡ, ಹೊಸ ಪರದೆ ತರಿಸುತ್ತೇನೆ. ಮರ್ಫಿ ಟೌನಿನ ಈ ಮೇಸ್ತ್ರಿ ಆರು ವರ್ಷ ನನ್ನ ಜೊತೆಗಿದ್ದರು. ಈ ಕೆಲಸದ ಬೆಲೆ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಸ್ವಿಚ್ಚುಗಳ ಜಿಡ್ಡನ್ನು ತಾವೇ ಉಜ್ಜುತ್ತಿದ್ದರು, ಕಿಟಕಿ ಗಾಜನ್ನು ಹಳೇ ಪೇಪರಿನಲ್ಲಿ ಒರೆಸುತ್ತಿದ್ದರು. "ಬಂದೋರಿಗೆ ತಾವು ಇಲ್ಲಿ ಕೂತು ಕಾಫಿ ಕುಡಿಯೋದು ಕಾಣ್ಬೇಕು. ಆಗ್ಲೇ ಮನೆ ಇಷ್ಟ ಆಗೋದು" ಅನ್ನುತ್ತಿದ್ದರು.

ರಿಚರ್ಡ್ಸ್ ಟೌನಿನ ಒಂದು ಮನೆಯಲ್ಲಿ ನಮ್ಮಿಬ್ಬರ ನಡುವೆ ಕೆಟ್ಟಿತು. ಮಲಗುವ ಕೋಣೆಯ ಗೋಡೆಯೊಳಗೆ ಕಕ್ಕಸಿನ ಪೈಪ್ ಒಡೆದು, ಗಾರೆ ಕಪ್ಪಗೆ ಕೊಳೆತು, ಇಲಿ ಸತ್ತಂಥ ನಾತ. ಪೈಪ್ ತೆಗೆಸುವಷ್ಟು ತಾಳ್ಮೆ ಮಾಲೀಕರಿಗಿರಲಿಲ್ಲ. "ವಾಲ್‌ಪೇಪರ್ ಹಾಕಿ, ಮಂಚ ಒತ್ತಿಟ್ಟುಬಿಡಿ" ಎಂದೆ.

"ಬೇಡ ಮೇಡಂ. ಅಲ್ಲಿ ಯಾರೋ ಮಲಗ್ತಾರೆ."

"ನಿಮ್ಮ ಕೆಲಸ ನೀವು ಮಾಡಿ, ಸಾಕು."

ಅವರು ಉಳಿದೆಲ್ಲ ಕೋಣೆಗಳಿಗೂ ಬಣ್ಣ ಹೊಡೆದರು. ಆ ಗೋಡೆಯನ್ನು ಮುಟ್ಟಲಿಲ್ಲ. ಬೇರೆಯವರಿಂದ ಮುಚ್ಚಿಸಿ, ಕೋಣೆಗೆ ಮಲ್ಲಿಗೆ ಸೆಂಟ್ ಹೊಡೆದೆ.

ನೋಡಲು ಕಲಬುರಗಿ ಕಡೆಯ ದಂಪತಿ ಬಂದರು. ಆಕೆ ತುಂಬು ಗರ್ಭಿಣಿ. ಮಂಚದ ಮೇಲೆ ಕೂತು ಗಂಡನಿಗೆ, "ಈ ಖೋಲಿ ಭಾಳ ಛಲೋ ಅದ ರೀ. ತೊಟ್ಟಿಲ ಇಲ್ಲೇ ಇಡೂಣು" ಎಂದಳು. ಏಣಿ ಒಯ್ಯಲು ಬಂದಿದ್ದ ಮೇಸ್ತ್ರಿಗೆ ಅದು ಕೇಳಿಸಿತು. ಒಳಗೆ ಬಂದು, "ಅಮ್ಮಾ, ಸ್ವಲ್ಪ ಏಳಿ" ಎಂದವರೇ ಮಂಚ ಎಳೆದು, ಉಬ್ಬಿದ್ದ ಕಾಗದವನ್ನು ಹರಿದರು. ಕಪ್ಪು ಗಾರೆ ಮುದ್ದೆಯಾಗಿ ನೆಲಕ್ಕೆ ಬಿತ್ತು. ಆಕೆ ಮೂಗು ಮುಚ್ಚಿಕೊಂಡು ಹೊರಗೋಡಿ ವಾಂತಿ ಮಾಡಿಕೊಂಡಳು.

"ಮನೆಗೆ ಪೌಡರ್ ಹಚ್ಚಿ ಮೇಡಂ, ಬೇಡ ಅನ್ನಲ್ಲ. ಕೀವು ಸೋರೋ ಹುಣ್ಣಿಗೂ ಹಚ್ತೀರಲ್ಲ, ಥೂ!" ಎಂದರು ಮೇಸ್ತ್ರಿ.

ಇನ್ನು ಕೆಲಸಕ್ಕೆ ಬರಬೇಡಿ ಎಂದೆ. ಅದೇ ವಾರ ಆ ಗೋಡೆಗೆ ಮತ್ತೆ ವಾಲ್‌ಪೇಪರ್ ಹಾಕಿಸಿದೆ. ಮನೆ ಬೇರೆ ಯಾರಿಗೋ ಮಾರಿಹೋಯಿತು.

ಆಮೇಲೆ ಯಾವ ಮನೆಯಲ್ಲಿ ಸೆಂಟ್ ಹೊಡೆದರೂ ಆ ನಾತವೇ ಮೂಗಿಗೆ ಬಡಿಯುತ್ತಿತ್ತು. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲೂ ಹೇಸಿಗೆ. ಮೇಸ್ತ್ರಿಗೆ ಹುಷಾರಿಲ್ಲವೆಂದು ತಿಳಿದು ಅವರ ಮನೆಗೆ ಹೋದೆ. ಉಸಿರಿಗೆ ಒದ್ದಾಡುತ್ತಿದ್ದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಅಲ್ಲಿ ಈಗ ಯಾರಿದ್ದಾರೆ? ಅವರಿಗೆ ಹೇಳಿದ್ರಾ?"

ಹೇಳಿರಲಿಲ್ಲ.

"ಮತ್ತೆ ನನ್ ಹತ್ರ ಯಾಕ್ ಬಂದ್ರಿ? ಹೋಗಿ ಅವರಿಗೆ ಹೇಳಿ."

ನಾಲ್ಕೇ ದಿನಕ್ಕೆ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ರಿಚರ್ಡ್ಸ್ ಟೌನಿಗೆ ಹೋಗಿ ಆ ಮನೆಯ ಬೆಲ್ ಒತ್ತಿದೆ. ಕೈಯಲ್ಲಿ ಸೌಟು ಹಿಡಿದ ಹೆಂಗಸೊಬ್ಬರು ಬಾಗಿಲು ತೆರೆದರು.

"ನಿಮ್ಮ ಮಲಗುವ ಕೋಣೆ ಗೋಡೆ ಒಳಗೆ ಕೊಳೆತಿದೆ. ಗೊತ್ತಿದ್ದೂ ಮುಚ್ಚಿಸಿದೋಳು ನಾನೇ" ಎಂದೆ.

ಆಕೆ ಬಾಯಿಗೆ ಬಂದಂತೆ ಬೈದರು. ಬೈದು ಮುಗಿಯುವವರೆಗೆ ಮೆಟ್ಟಿಲ ಮೇಲೆ ನಿಂತಿದ್ದು, ಪ್ಲಂಬರನ್ನು ಕರೆಸಿದೆ. ಆರು ವರ್ಷ ಮೇಸ್ತ್ರಿಗೆ ಕೆಲಸ ಹೇಳಿದವಳು ನಾನು. ಅವರು ನನಗೆ ಹೇಳಿದ ಕೆಲಸ ಇದೊಂದೇ.